ಬ್ಲಾಕ್ ಒಳಗಿನ ಟೆಕ್ಸ್ಟ್ ಲಿಸ್ಪ್‌ಗೆ ಏಕೆ ಸಿಗುವುದಿಲ್ಲ?

ಪ್ರಶ್ನೆ: ಸ್ಟ್ರಕ್ಚರಲ್ ಡಿಸೈನ್ ಕಚೇರಿಯೊಂದರಲ್ಲಿ ಡ್ರಾಫ್ಟಿಂಗ್ ನೋಡಿಕೊಳ್ಳುತ್ತೇನೆ. ಒಂದು ಅಪಾರ್ಟ್‌ಮೆಂಟ್ ಯೋಜನೆಯ ನಲವತ್ತು ಚಿಲ್ಲರೆ ಆಟೊಕ್ಯಾಡ್ ಡ್ರಾಯಿಂಗ್‌ಗಳಲ್ಲಿ ಸ್ಲ್ಯಾಬ್ ಕಂಬಿಯ ಟಿಪ್ಪಣಿ "8#@150" (8 ಮಿ.ಮೀ. ಕಂಬಿ, 150 ಮಿ.ಮೀ. ಅಂತರ) ಎಂದಿರುವುದನ್ನೆಲ್ಲ ಹುಡುಕಿ "8#@125" ಮಾಡಬೇಕಿದೆ. ಕೆಲವು ಕಾಲಮ್‌ಗಳ ಹೆಸರೂ ಬದಲಾಗಿದೆ. ಇಂಟರ್ನೆಟ್ಟಿನಲ್ಲಿ ಸಿಕ್ಕ ಒಂದು ಲಿಸ್ಪ್ (ಆಟೊಕ್ಯಾಡ್ ಒಳಗೆ ಓಡುವ ಸಣ್ಣ ಪ್ರೋಗ್ರಾಂ) ಹಾಕಿ "ಸಿ12" ಹುಡುಕಿದರೆ ಹೊರಗಡೆ ಬರೆದದ್ದು ಮಾತ್ರ ಸಿಗುತ್ತದೆ, ಬ್ಲಾಕ್ (ಹೆಸರಿಟ್ಟು ಒಂದೇ ವಸ್ತುವಾಗಿ ಕಟ್ಟಿದ ಗುಂಪು) ಒಳಗಿನದು ಸಿಗುವುದಿಲ್ಲ. ಕಂಬಿಯ ಟಿಪ್ಪಣಿಯಂತೂ ಕಣ್ಣೆದುರಿಗೇ ಇದ್ದರೂ ಒಂದೂ ಸಿಗುವುದಿಲ್ಲ. ಇನ್ನೊಂದು ಲಿಸ್ಪ್ ಬ್ಲಾಕ್ ಒಳಗೆ ಹುಡುಕುತ್ತದೆ, ಆದರೆ ತೆರೆಯ ಮೇಲೆ ಎಲ್ಲೂ ಇಲ್ಲದ ಟೆಕ್ಸ್ಟ್ ಸಿಕ್ಕಿದೆ ಎನ್ನುತ್ತದೆ. ಸೀನಿಯರ್ ಒಬ್ಬರು "ಎಲ್ಲ ಎಕ್ಸ್‌ಪ್ಲೋಡ್ ಹೊಡೆದು ಹುಡುಕು" ಎಂದರು. ಹಾಗೆ ಮಾಡಬಹುದೇ? ಲಿಸ್ಪ್ ಓದಲು ಬರುತ್ತದೆ, ಸಣ್ಣಪುಟ್ಟ ತಿದ್ದುಪಡಿ ಮಾಡಬಲ್ಲೆ.

ಉತ್ತರ: ಎಕ್ಸ್‌ಪ್ಲೋಡ್, ಅಂದರೆ ಬ್ಲಾಕನ್ನು ಒಡೆದು ಬಿಡಿಬಿಡಿಯಾಗಿಸುವುದು, ಮಾಡಬೇಡಿ. ಕಾರಣ ಸರಳ: ಆಟ್ರಿಬ್ಯೂಟ್ (ಪ್ರತಿ ಬಳಕೆಯಲ್ಲೂ ಬೇರೆ ಬರಹ ತುಂಬುವ ಜಾಗ) ಇರುವ ಬ್ಲಾಕ್ ಒಡೆದ ಕೂಡಲೇ ಅದರಲ್ಲಿ ತುಂಬಿದ ಬೆಲೆ (ವ್ಯಾಲ್ಯೂ) ಅಳಿದುಹೋಗಿ ಆ ಜಾಗದಲ್ಲಿ ಟ್ಯಾಗ್ ಹೆಸರು ಬಂದು ಕೂರುತ್ತದೆ. ಟೈಟಲ್ ಬ್ಲಾಕಿನಲ್ಲಿ ಡ್ರಾಯಿಂಗ್ ನಂಬರ್ ಇದ್ದ ಕಡೆ "ಡಿಆರ್‌ಜಿ_ನಂ" ಎಂಬಂಥ ಪದ ಕಾಣುತ್ತದೆ. ಹುಡುಕಬೇಕಾದ ಟೆಕ್ಸ್ಟನ್ನೇ ಅಳಿಸಿ ಹುಡುಕಲು ಹೊರಟಂತಾಯಿತು. ಒಡೆಯಲೇಬೇಕೆಂದರೆ ಎಕ್ಸ್‌ಪ್ರೆಸ್ ಟೂಲ್ಸ್‌ನಲ್ಲಿ ಬರ್ಸ್ಟ್ ಕಮಾಂಡ್ ಇದೆ. ಅದು ಬೆಲೆಯನ್ನು ಸಾದಾ ಟೆಕ್ಸ್ಟ್ ಮಾಡಿ ಉಳಿಸುತ್ತದೆ. ಅದನ್ನೂ ನಕಲು ಪ್ರತಿಯಲ್ಲಿ ಮಾತ್ರ ಬಳಸಿ. ಒಮ್ಮೆ ಒಡೆದ ಡ್ರಾಯಿಂಗಿನಲ್ಲಿ ಮುಂದಿನ ರಿವಿಷನ್‌ಗೆ ಒಂದು ಕಡೆ ತಿದ್ದಿ ಎಲ್ಲ ಕಡೆ ಬದಲಾಯಿಸುವ ಅನುಕೂಲ ಹೋಗಿರುತ್ತದೆ.

ಲಿಸ್ಪ್‌ಗೆ ಕೈಹಾಕುವ ಮೊದಲು ಇನ್ನೊಂದು ಮಾತು. ಫೈಂಡ್ ಕಮಾಂಡ್ ಬ್ಲಾಕ್ ಒಳಗೆ ನೋಡುವುದಿಲ್ಲ ಎಂಬ ನಂಬಿಕೆ ಬಹಳ ಕಚೇರಿಗಳಲ್ಲಿದೆ, ಅದು ಸರಿಯಲ್ಲ. ಆ ಕಿಟಕಿಯ ಕೆಳಮೂಲೆಯ ಬಾಣವನ್ನು ಒತ್ತಿದರೆ ಇನ್ನಷ್ಟು ಆಯ್ಕೆಗಳು ತೆರೆದುಕೊಳ್ಳುತ್ತವೆ. ಬ್ಲಾಕ್ ಒಳಗೆ, ಎಕ್ಸ್‌ರೆಫ್ (ಬೇರೆ ಫೈಲಿನಿಂದ ಜೋಡಿಸಿದ ಡ್ರಾಯಿಂಗ್) ಒಳಗೆ, ಆಟ್ರಿಬ್ಯೂಟ್ ಬೆಲೆ, ಡೈಮೆನ್ಷನ್, ಟೇಬಲ್ ಎಂದು ಬೇರೆಬೇರೆ ಟಿಕ್ ಇವೆ. ಕಾಣದ ವಸ್ತುಗಳನ್ನು ಬಿಟ್ಟುಬಿಡು ಎನ್ನುವ ಟಿಕ್ ಕೂಡ ಅಲ್ಲೇ ಇದೆ. ಅದು ಆಫ್ ಅಥವಾ ಫ್ರೀಜ್ ಆದ ಲೇಯರ್ ಮತ್ತು ಡೈನಾಮಿಕ್ ಬ್ಲಾಕಿನ (ರೂಪ ಬದಲಿಸಬಲ್ಲ ಬ್ಲಾಕಿನ) ಮರೆಯಾದ ಭಾಗಗಳನ್ನು ಹೊರಗಿಡುತ್ತದೆ. ಒಂದೆರಡು ಡ್ರಾಯಿಂಗ್ ಆದರೆ ಇಷ್ಟೇ ಸಾಕು. ಆದರೆ ಅದು ಡ್ರಾಯಿಂಗ್ ಒಂದೊಂದಾಗಿ ತೆರೆದು ಮಾಡುವ ಕೆಲಸ. ಯಾವ ಫೈಲ್, ಯಾವ ಬ್ಲಾಕ್, ಎಷ್ಟು ಕಡೆ ಎಂಬ ಪಟ್ಟಿ ನಲವತ್ತು ಶೀಟುಗಳಿಗೆ ಬೇಕೆಂದರೆ ಲಿಸ್ಪ್ ಬೇಕು.

ನಿಮ್ಮ ಮೂರು ತೊಂದರೆಗಳಿಗೆ ಮೂರು ಬೇರೆ ಕಾರಣಗಳಿವೆ. ಒಂದೇ ಲಿಸ್ಪ್‌ನ ದೋಷ ಎಂದುಕೊಂಡರೆ ಬಗೆಹರಿಯುವುದಿಲ್ಲ.

ಟೆಕ್ಸ್ಟ್ ಇರುವ ಜಾಗ

ಬ್ಲಾಕ್ ಎನ್ನುವುದು ಡ್ರಾಯಿಂಗಿನಲ್ಲಿ ಎರಡು ಕಡೆ ಹಂಚಿಕೊಂಡಿರುತ್ತದೆ. ವ್ಯಾಖ್ಯೆ, ಅಂದರೆ ಡೆಫಿನಿಷನ್, ಬ್ಲಾಕ್ ಟೇಬಲಿನಲ್ಲಿ ಒಂದೇ ಒಂದು ಇರುತ್ತದೆ. ನೀವು ತೆರೆಯ ಮೇಲೆ ನೋಡುವುದು ಇನ್‌ಸರ್ಟ್. ಅದರಲ್ಲಿರುವುದು ಬ್ಲಾಕಿನ ಹೆಸರು, ಜಾಗ, ಸ್ಕೇಲ್, ತಿರುವು ಇಷ್ಟೇ. ರಬ್ಬರ್ ಸ್ಟಾಂಪು ಒಂದು, ಒತ್ತಿದ ಮುದ್ರೆ ನೂರು, ಮುದ್ರೆಯ ಖಾಲಿ ಜಾಗದಲ್ಲಿ ಪೆನ್ನಿನಿಂದ ತುಂಬಿದ್ದು ಆಟ್ರಿಬ್ಯೂಟ್ ಎಂದುಕೊಳ್ಳಿ. ಸಾದಾ ಟೆಕ್ಸ್ಟ್ ಸ್ಟಾಂಪಿನಲ್ಲಿದೆ, ಆಟ್ರಿಬ್ಯೂಟಿನ ಬೆಲೆ ಒಂದೊಂದು ಮುದ್ರೆಯ ಜೊತೆಗಿದೆ.

ನಿಮ್ಮ ಮೊದಲ ಲಿಸ್ಪ್ ಎಸ್‌ಎಸ್‌ಗೆಟ್ (ವಸ್ತುಗಳನ್ನು ಆರಿಸುವ ಫಂಕ್ಷನ್) ಬಳಸಿ ಟೆಕ್ಸ್ಟ್ ಮತ್ತು ಎಮ್‌ಟೆಕ್ಸ್ಟ್ (ಹಲವು ಸಾಲಿನ ಬರಹ) ಆರಿಸುತ್ತಿರಬೇಕು. ಎಸ್‌ಎಸ್‌ಗೆಟ್‌ಗೆ ಎಕ್ಸ್ ಆಯ್ಕೆ ಕೊಟ್ಟರೆ ಮಾಡೆಲ್ ಮತ್ತು ಎಲ್ಲ ಲೇಔಟ್‌ಗಳನ್ನು ಜಾಲಾಡುತ್ತದೆ ನಿಜ, ಆದರೆ ಬ್ಲಾಕ್ ವ್ಯಾಖ್ಯೆಯ ಒಳಕ್ಕೆ ಕಾಲಿಡುವುದಿಲ್ಲ. ಫಿಲ್ಟರ್ ಎಷ್ಟು ತಿದ್ದಿದರೂ ಇದು ಬದಲಾಗದು. ಹಾಗಾಗಿ ಹುಡುಕಾಟ ಮೂರು ನಡಿಗೆ ನಡೆಯಬೇಕು.

ಮೊದಲನೆಯದು ಈಗಿರುವ ಹೊರಗಿನ ಟೆಕ್ಸ್ಟ್. ಇದಕ್ಕೆ ಮಲ್ಟಿಲೀಡರ್ ಮತ್ತು ಡೈಮೆನ್ಷನ್ ಸೇರಿಸಿಕೊಳ್ಳಿ. ಮಲ್ಟಿಲೀಡರಿನ ಬರಹ ಡಿಎಕ್ಸ್‌ಎಫ್ ಕೋಡ್ (ವಸ್ತುವಿನ ಒಂದೊಂದು ಬಗೆಯ ಮಾಹಿತಿಗೂ ಇರುವ ಸಂಖ್ಯೆ) 304ರಲ್ಲಿರುತ್ತದೆ. ಡೈಮೆನ್ಷನ್‌ನಲ್ಲಿ ಯಾರಾದರೂ ಅಳತೆ ಮೀರಿ ಕೈಯಿಂದ ಬರೆದಿದ್ದರೆ ಅದು ಕೋಡ್ 1ರಲ್ಲಿ ಸಿಗುತ್ತದೆ. ಬರೆಯದಿದ್ದರೆ ಅದು ಖಾಲಿ.

ಎರಡನೆಯದು ವ್ಯಾಖ್ಯೆಗಳ ನಡಿಗೆ. ಟಿಬಿಎಲ್‌ನೆಕ್ಸ್ಟ್‌ಗೆ "ಬ್ಲಾಕ್" ಎಂದು ಕೊಡಿ, ಮೊದಲ ಸಲ ಮಾತ್ರ ಎರಡನೇ ಆರ್ಗ್ಯುಮೆಂಟ್ ಟಿ ಕೊಟ್ಟು ಆರಂಭಕ್ಕೆ ತನ್ನಿ. ಪ್ರತಿ ಸಲ ಬರುವ ಪಟ್ಟಿಯಲ್ಲಿ ಕೋಡ್ 2 ಬ್ಲಾಕಿನ ಹೆಸರು, ಕೋಡ್ -2 ಅದರೊಳಗಿನ ಮೊದಲ ವಸ್ತು. ಅಲ್ಲಿಂದ ಎಂಟ್‌ಗೆಟ್ ಮಾಡಿ ಓದುತ್ತ, ಎಂಟ್‌ನೆಕ್ಸ್ಟ್ ಮಾಡಿ ಮುಂದೆ ಹೋಗುತ್ತ, ನಿಲ್ ಬಂದಾಗ ಆ ಬ್ಲಾಕ್ ಮುಗಿಯಿತು. ಕೋಡ್ 0 ನೋಡಿ ಟೆಕ್ಸ್ಟ್, ಎಮ್‌ಟೆಕ್ಸ್ಟ್, ಆಟ್‌ಡೆಫ್ ಇವಿಷ್ಟನ್ನು ಪರೀಕ್ಷಿಸಿ. ಕಾನ್‌ಸ್ಟಂಟ್ ಎಂದು ಮಾಡಿದ ಆಟ್ರಿಬ್ಯೂಟ್ ಇನ್‌ಸರ್ಟಿಗೆ ಅಂಟಿಕೊಳ್ಳುವುದೇ ಇಲ್ಲ, ಆಟ್‌ಡೆಫ್ ರೂಪದಲ್ಲಿ ವ್ಯಾಖ್ಯೆಯಲ್ಲೇ ಉಳಿದಿರುತ್ತದೆ. ಬಹಳ ಲಿಸ್ಪ್‌ಗಳು ಅದನ್ನು ಬಿಟ್ಟುಬಿಡುತ್ತವೆ. ಪ್ರತಿ ವ್ಯಾಖ್ಯೆಯ ಕೋಡ್ 70 ನೋಡಿ, ಲಾಗ್‌ಆ್ಯಂಡ್ ಮಾಡಿದಾಗ 4 ಅಥವಾ 16 ಬಿಟ್ ಇದ್ದರೆ ಅದು ಎಕ್ಸ್‌ರೆಫ್ ಅಥವಾ ಎಕ್ಸ್‌ರೆಫ್‌ನಿಂದ ಬಂದದ್ದು. ವರದಿಯಲ್ಲಿ ಬೇಕಾದರೆ ತೋರಿಸಿ, ತಿದ್ದಲು ಹೋಗಬೇಡಿ. ಮೂಲ ಫೈಲನ್ನು ತೆರೆದೇ ತಿದ್ದಬೇಕು.

ಬ್ಲಾಕ್ ಒಳಗೆ ಬ್ಲಾಕ್ ಇದ್ದರೆ ರಿಕರ್ಷನ್ (ಫಂಕ್ಷನ್ ತನ್ನನ್ನೇ ಮತ್ತೆ ಕರೆಯುವುದು) ಬೇಕು ಎಂದು ತುಂಬ ಜನ ಬರೆಯುತ್ತಾರೆ. ಹುಡುಕುವುದಕ್ಕೆ ಅದು ಬೇಡ. ಎಷ್ಟು ಪದರ ಒಳಗಿದ್ದರೂ ಪ್ರತಿ ಬ್ಲಾಕಿನ ವ್ಯಾಖ್ಯೆ ಒಂದೇ ಟೇಬಲಿನಲ್ಲಿ ಪಕ್ಕಪಕ್ಕ ಇರುತ್ತದೆ. ಪ್ರತಿ ಇನ್‌ಸರ್ಟಿನಿಂದ ಒಳಗೆ ಇಳಿಯುವ ಲಿಸ್ಪ್ ಒಂದೇ ವ್ಯಾಖ್ಯೆಯನ್ನು ಇನ್‌ಸರ್ಟ್ ಎಷ್ಟಿವೆಯೋ ಅಷ್ಟು ಸಲ ಓದುತ್ತದೆ. ದೊಡ್ಡ ಡ್ರಾಯಿಂಗಿನಲ್ಲಿ ಆಟೊಕ್ಯಾಡ್ ಸ್ತಬ್ಧವಾದಂತೆ ಕಾಣುವುದಕ್ಕೆ ಹಲವು ಸಲ ಇದೇ ಕಾರಣ.

ಮೂರನೆಯದು ಇನ್‌ಸರ್ಟಿನ ಆಟ್ರಿಬ್ಯೂಟ್‌ಗಳು. ಎಸ್‌ಎಸ್‌ಗೆಟ್ ಎಕ್ಸ್‌ನಲ್ಲಿ ಇನ್‌ಸರ್ಟ್ ಎಂಬ ಫಿಲ್ಟರಿನ ಜೊತೆ ಕೋಡ್ 66ರ ಬೆಲೆ 1 ಎಂಬುದನ್ನೂ ಸೇರಿಸಿ. ಆಮೇಲೆ ಎಂಟ್‌ನೆಕ್ಸ್ಟ್ ಮಾಡುತ್ತ ಸೀಕ್‌ಎಂಡ್ ಬರುವವರೆಗೆ ಹೋಗಿ. ಪ್ರತಿ ಆಟ್ರಿಬ್‌ನಲ್ಲಿ ಕೋಡ್ 2 ಟ್ಯಾಗ್, ಕೋಡ್ 1 ಬೆಲೆ. ಈ 66 ಫಿಲ್ಟರ್ ಬಿಟ್ಟರೆ ಆಟ್ರಿಬ್ಯೂಟ್ ಇಲ್ಲದ ಬ್ಲಾಕಿನಿಂದ ಎಂಟ್‌ನೆಕ್ಸ್ಟ್ ನೇರ ಮುಂದಿನ ಯಾವುದೋ ಗೆರೆಗೋ ಟೆಕ್ಸ್ಟಿಗೋ ಹಾರುತ್ತದೆ, ಲೆಕ್ಕವೆಲ್ಲ ಎರಡೆರಡು ಸಲ ಬರುತ್ತದೆ. ಹಲವು ಸಾಲಿನ ಆಟ್ರಿಬ್ಯೂಟ್ ಇದ್ದರೆ ಅದರೊಳಗೆ ಒಂದು ಎಮ್‌ಟೆಕ್ಸ್ಟ್ ಅಡಗಿರುತ್ತದೆ ಎಂಬುದನ್ನು ಮರೆಯಬೇಡಿ.

ಇನ್ನೊಂದು ಬ್ಲಾಕಿನೊಳಗೆ ಇಟ್ಟ ಇನ್‌ಸರ್ಟಿನ ಆಟ್ರಿಬ್ಯೂಟ್ ಈ ಮೂರನೇ ನಡಿಗೆಗೆ ಸಿಗುವುದಿಲ್ಲ. ಅದು ಎರಡನೇ ನಡಿಗೆಯಲ್ಲಿ ಎಂಟ್‌ನೆಕ್ಸ್ಟ್ ಹೋಗುವ ದಾರಿಯಲ್ಲೇ ಎದುರಾಗುತ್ತದೆ. ಆದ್ದರಿಂದ ಅಲ್ಲಿಯ ಪರೀಕ್ಷೆಗೆ ಆಟ್ರಿಬ್ ಎಂಬ ಬಗೆಯನ್ನೂ ಸೇರಿಸಿಬಿಡಿ.

"8#@150" ಏಕೆ ತಪ್ಪಿಸಿಕೊಂಡಿತು

ಇದು ಜಾಗದ ಸಮಸ್ಯೆ ಅಲ್ಲ, ಹೋಲಿಕೆಯದು. ಆ ಲಿಸ್ಪ್ ಡಬ್ಲ್ಯೂಸಿಮ್ಯಾಚ್ ಬಳಸಿದೆ ಎಂದು ಹೆಚ್ಚುಕಡಿಮೆ ಖಚಿತವಾಗಿ ಹೇಳಬಹುದು. ಆ ಫಂಕ್ಷನ್ನಿಗೆ # ಎಂದರೆ ಯಾವುದೋ ಒಂದು ಅಂಕಿ, @ ಎಂದರೆ ಯಾವುದೋ ಒಂದು ಅಕ್ಷರ. ನೀವು "8#@150" ಕೊಟ್ಟಾಗ ಅದು 8, ಆಮೇಲೆ ಒಂದು ಅಂಕಿ, ಆಮೇಲೆ ಒಂದು ಅಕ್ಷರ, ಆಮೇಲೆ 150 ಇರುವ ಪದವನ್ನು ಹುಡುಕುತ್ತದೆ. ನಿಮ್ಮ ಟಿಪ್ಪಣಿಯಲ್ಲಿ ಆ ಜಾಗದಲ್ಲಿ ಅಂಕಿಯೂ ಇಲ್ಲ, ಅಕ್ಷರವೂ ಇಲ್ಲ, ಒಂದೂ ಸಿಗುವುದಿಲ್ಲ. ಚುಕ್ಕಿಯದೂ ಇದೇ ಕಥೆ: ಅಕ್ಷರ ಅಥವಾ ಅಂಕಿ ಅಲ್ಲದ ಯಾವುದೇ ಗುರುತಿಗೆ ಅದು ಹೊಂದುತ್ತದೆ, "ಆರ್.ಸಿ.ಸಿ" ಹುಡುಕಿದರೆ "ಆರ್-ಸಿ-ಸಿ" ಕೂಡ ಬರುತ್ತದೆ. ಕಾಮಾ ಎರಡು ಮಾದರಿಗಳನ್ನು ಬೇರೆ ಮಾಡುತ್ತದೆ. ಟಿಲ್ಡೆ ಮೊದಲಲ್ಲಿದ್ದರೆ ಅರ್ಥವೇ ತಿರುಗುಮುರುಗು. ನಮ್ಮ ಕಂಬಿ ಟಿಪ್ಪಣಿಗಳಲ್ಲಿ ಬಳಕೆಯಾಗುವ ಗುರುತುಗಳೆಲ್ಲ ಈ ಫಂಕ್ಷನ್ನಿನ ವಿಶೇಷ ಗುರುತುಗಳೇ ಆಗಿರುವುದು ಬೇಸರದ ಸಂಗತಿ.

ಪರಿಹಾರ ಎರಡು. ಪ್ರತಿ ವಿಶೇಷ ಗುರುತಿನ ಹಿಂದೆ ಬ್ಯಾಕ್‌ಕೋಟ್ ಹಾಕಿ, ಎಸ್ಕೇಪ್ ಕೀಯ ಕೆಳಗಿರುವ ಓರೆ ಗೆರೆ ಅದು: "8`#`@150". ಅಥವಾ ಡಬ್ಲ್ಯೂಸಿಮ್ಯಾಚ್ ಬಿಟ್ಟು ವಿಎಲ್-ಸ್ಟ್ರಿಂಗ್-ಸರ್ಚ್ ಬಳಸಿ. ಅದು ಕೊಟ್ಟದ್ದನ್ನು ಅಕ್ಷರಶಃ ಹುಡುಕುತ್ತದೆ. ಕಂಬಿ ಟಿಪ್ಪಣಿಗೆ ಎರಡನೆಯದೇ ನನ್ನ ಆಯ್ಕೆ. ಎರಡೂ ಇಂಗ್ಲಿಷಿನ ದೊಡ್ಡ, ಸಣ್ಣ ಅಕ್ಷರ ಬೇರೆಬೇರೆ ಎಂದೇ ನೋಡುತ್ತವೆ. ಹುಡುಕುವ ಪದ ಮತ್ತು ಸಿಕ್ಕ ಟೆಕ್ಸ್ಟ್ ಎರಡನ್ನೂ ಮೊದಲು ಎಸ್‌ಟಿಆರ್‌ಕೇಸ್ ಮಾಡಿಕೊಳ್ಳಿ.

ಎಮ್‌ಟೆಕ್ಸ್ಟ್‌ನಲ್ಲಿ ಇನ್ನೆರಡು ಅಡ್ಡಿಗಳಿವೆ. ಬರಹ ಉದ್ದವಾದರೆ ಅದನ್ನು 250 ಅಕ್ಷರಗಳ ತುಂಡು ಮಾಡಿ ಕೋಡ್ 3ರಲ್ಲಿ ಒಂದೊಂದಾಗಿ ಇಟ್ಟು, ಕೊನೆಯ ತುಂಡನ್ನು ಮಾತ್ರ ಕೋಡ್ 1ರಲ್ಲಿ ಇಡುತ್ತದೆ. ಕೋಡ್ 1 ಮಾತ್ರ ಓದುವ ಲಿಸ್ಪ್‌ಗೆ ಜನರಲ್ ನೋಟ್ಸ್‌ನ ಬಾಲ ಮಾತ್ರ ಕಾಣುತ್ತದೆ. ಎಲ್ಲ 3ಗಳನ್ನು ಕ್ರಮವಾಗಿ ಎಸ್‌ಟಿಆರ್‌ಕ್ಯಾಟ್ ಮಾಡಿ ಕೊನೆಗೆ 1 ಸೇರಿಸಿ, ಆಮೇಲೆ ಹುಡುಕಿ. ತುಂಡು ತುಂಡಾಗಿ ಹುಡುಕಿದರೆ ಗಡಿಯಲ್ಲಿ ಬಿದ್ದ ಪದ ತಪ್ಪಿಹೋಗುತ್ತದೆ. ಎರಡನೆಯದು ಫಾರ್ಮ್ಯಾಟ್ ಕೋಡ್. ಒಂದು ಪದಕ್ಕೆ ಮಾತ್ರ ಬಣ್ಣ ಅಥವಾ ಫಾಂಟ್ ಬದಲಿಸಿದ್ದರೆ ಅದರ ಸುತ್ತ ಪುಷ್ಪ ಆವರಣ, ಬ್ಯಾಕ್‌ಸ್ಲ್ಯಾಶ್, ಫಾಂಟ್ ಹೆಸರು ಎಲ್ಲ ಟೆಕ್ಸ್ಟಿನ ನಡುವೆಯೇ ಕೂತಿರುತ್ತವೆ. ಸಾಲು ಮುರಿದ ಕಡೆ ಬ್ಯಾಕ್‌ಸ್ಲ್ಯಾಶ್ ಮತ್ತು ಪಿ ಇರುತ್ತದೆ. ಯಾರಾದರೂ 8 ಅನ್ನು ಮಾತ್ರ ಕೆಂಪು ಮಾಡಿದ್ದರೂ ಸಾಕು, "8#@150" ಒಂದೇ ಪದವಾಗಿ ಸಿಗದು. ಈ ಕೋಡ್‌ಗಳನ್ನು ತೆಗೆದ ಪ್ರತಿಯಲ್ಲಿ ಹುಡುಕಿ, ಮೂಲವನ್ನು ಹಾಗೇ ಇಟ್ಟುಕೊಳ್ಳಿ. ಕೋಡ್ ತೆಗೆಯುವ ಸಿದ್ಧ ಫಂಕ್ಷನ್ ಎಲ್ಲಿಂದಾದರೂ ತರುವುದಾದರೆ ಅದು ವಿಬಿಸ್ಕ್ರಿಪ್ಟಿನ ರೆಗ್‌ಎಕ್ಸ್‌ಪ್ ಮೇಲೆ ನಿಂತಿದೆಯೇ ನೋಡಿ. ಮೈಕ್ರೋಸಾಫ್ಟ್ ವಿಬಿಸ್ಕ್ರಿಪ್ಟನ್ನು ಹಂತಹಂತವಾಗಿ ಕೈಬಿಡುವುದಾಗಿ 2023ರಲ್ಲೇ ಹೇಳಿದೆ. ಹೊಸದಾಗಿ ಬರೆಯುವ ಲಿಸ್ಪ್‌ಗೆ ಆ ಆಧಾರ ಬೇಡ. ಸಾದಾ ಟೆಕ್ಸ್ಟಿನಲ್ಲೂ ವ್ಯಾಸದ ಗುರುತು, ಡಿಗ್ರಿ, ಪ್ಲಸ್-ಮೈನಸ್ ಎಲ್ಲ ಎರಡು ಶೇಕಡಾ ಗುರುತು ಮತ್ತು ಒಂದು ಅಕ್ಷರದ ರೂಪದಲ್ಲಿ ಇರಬಹುದು. ತೆರೆಯ ಮೇಲೆ ಕಂಡಂತೆ ಟೈಪ್ ಮಾಡಿದರೆ ಸಿಗುವುದಿಲ್ಲ.

ಕನ್ನಡ ಬರಹ ಹುಡುಕುವವರಿಗೆ ಒಂದು ಮಾತು. ಹಳೆಯ ನುಡಿ ಫಾಂಟುಗಳಲ್ಲಿ ಬರೆದ ಡ್ರಾಯಿಂಗಿನಲ್ಲಿ "ಕೊಠಡಿ" ಎಂದು ಕಂಡರೂ ಫೈಲಿನೊಳಗೆ ಇರುವುದು ಕನ್ನಡ ಅಕ್ಷರವಲ್ಲ, ಆ ಫಾಂಟಿನ ಚಿತ್ರಗಳಿಗೆ ಹೊಂದಿಸಿದ ಲ್ಯಾಟಿನ್ ಸಂಕೇತಗಳು. ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಹುಡುಕಿದರೆ ಸಿಗದು. ಡ್ರಾಯಿಂಗಿನಿಂದಲೇ ಆ ಪದವನ್ನು ನಕಲು ಮಾಡಿ ತಂದು ಹುಡುಕಬೇಕು. ಯೂನಿಕೋಡ್ ಬರಹವಾದರೆ ಆಟೊಕ್ಯಾಡ್ 2021ರಿಂದ ಲಿಸ್ಪ್‌ಸಿಸ್ ಎಂಬ ಸಿಸ್ಟಮ್ ವೇರಿಯಬಲ್ ಇದೆ. ಅದು 1 ಇದ್ದರೆ ಲಿಸ್ಪ್ ಯೂನಿಕೋಡ್ ಅರ್ಥ ಮಾಡಿಕೊಳ್ಳುತ್ತದೆ. ಬದಲಿಸಿದ ಮೇಲೆ ಆಟೊಕ್ಯಾಡ್ ಮುಚ್ಚಿ ತೆರೆಯಬೇಕು.

ಕಾಣದ ಟೆಕ್ಸ್ಟ್ ಸಿಕ್ಕಿದ್ದೇಕೆ

ಎರಡನೇ ಲಿಸ್ಪ್ ಸುಳ್ಳು ಹೇಳುತ್ತಿಲ್ಲ. ವ್ಯಾಖ್ಯೆಗಳ ಟೇಬಲಿನಲ್ಲಿ ಇನ್‌ಸರ್ಟೇ ಇಲ್ಲದ ಬ್ಲಾಕುಗಳೂ ಇರುತ್ತವೆ. ಹಿಂದಿನ ಯೋಜನೆಯ ಡ್ರಾಯಿಂಗನ್ನು ಸೇವ್ ಆ್ಯಸ್ ಮಾಡಿ ಹೊಸದು ಶುರುಮಾಡುವ ಪದ್ಧತಿ ಇರುವ ಕಚೇರಿಗಳಲ್ಲಿ ಇಂಥವು ರಾಶಿ ಬಿದ್ದಿರುತ್ತವೆ. ಪರ್ಜ್ ಮಾಡಿದರೆ ಹೋಗುತ್ತವೆ. ಡೈನಾಮಿಕ್ ಬ್ಲಾಕಿನಲ್ಲಿ ಎಲ್ಲ ವಿಸಿಬಿಲಿಟಿ ಸ್ಥಿತಿಗಳ ಟೆಕ್ಸ್ಟೂ ಒಂದೇ ವ್ಯಾಖ್ಯೆಯಲ್ಲಿ ಇರುತ್ತದೆ. ಆ ಸ್ಥಿತಿಯಲ್ಲಿ ಮರೆಯಾದದ್ದಕ್ಕೆ ಕೋಡ್ 60ರ ಬೆಲೆ 1. ಅದೃಶ್ಯ ಆಟ್ರಿಬ್ಯೂಟ್‌ಗಳು ಆಟ್‌ಡಿಸ್ಪ್ ಆನ್ ಮಾಡಿದರೆ ಕಾಣುತ್ತವೆ. ಲೇಯರ್ ಫ್ರೀಜ್ ಆಗಿರುವುದು ಇನ್ನೊಂದು.

ನಕ್ಷತ್ರ ಗುರುತಿನಿಂದ ಶುರುವಾಗುವ ಹೆಸರುಗಳನ್ನು ಗಮನಿಸಿ. ನಕ್ಷತ್ರ ಮತ್ತು ಡಿ ಇದ್ದರೆ ಡೈಮೆನ್ಷನ್, ನಕ್ಷತ್ರ ಮತ್ತು ಟಿ ಇದ್ದರೆ ಟೇಬಲ್ ತನಗಾಗಿ ಆಟೊಕ್ಯಾಡ್ ಮಾಡಿಕೊಂಡ ಹೆಸರಿಲ್ಲದ ಬ್ಲಾಕ್. ಡೈಮೆನ್ಷನ್ನಿನ ಬರಹ ಹೊರಗೊಮ್ಮೆ, ಒಳಗೊಮ್ಮೆ ಸಿಕ್ಕು ಲೆಕ್ಕ ದುಪ್ಪಟ್ಟಾಗುವುದು ಇದರಿಂದ. ಅಲ್ಲಿ ತಿದ್ದಿದರೂ ಡೈಮೆನ್ಷನ್ ಅಥವಾ ಟೇಬಲ್ ಮತ್ತೆ ರಚನೆಯಾದಾಗ ತಿದ್ದಿದ್ದು ಹೋಗುತ್ತದೆ. ಈ ಎರಡನ್ನು ವ್ಯಾಖ್ಯೆಯ ನಡಿಗೆಯಿಂದ ಕೈಬಿಡಿ, ಡೈಮೆನ್ಷನ್ ಮತ್ತು ಟೇಬಲನ್ನು ಹೊರಗಿನಿಂದಲೇ ಓದಿ. ನಕ್ಷತ್ರ ಮತ್ತು ಯು ಇದ್ದರೆ ಮಾತ್ರ ಬಿಡಬೇಡಿ: ಗ್ರಿಪ್ ಎಳೆದು ಬದಲಿಸಿದ ಡೈನಾಮಿಕ್ ಬ್ಲಾಕ್ ಆ ಹೆಸರಿನಲ್ಲೇ ಇರುತ್ತದೆ. ಅದರ ನಿಜವಾದ ಹೆಸರು ವಿಎಲ್‌ಎ-ಗೆಟ್-ಎಫೆಕ್ಟಿವ್‌ನೇಮ್ ಕೊಡುತ್ತದೆ. ಇಂಥ ಹೆಸರನ್ನು ಎಸ್‌ಎಸ್‌ಗೆಟ್ ಫಿಲ್ಟರಿನಲ್ಲಿ ಕೊಡುವಾಗ ನಕ್ಷತ್ರದ ಹಿಂದೆ ಬ್ಯಾಕ್‌ಕೋಟ್ ಹಾಕಲೇಬೇಕು, ಇಲ್ಲದಿದ್ದರೆ ಅದು ವೈಲ್ಡ್‌ಕಾರ್ಡ್ ಆಗಿ ಬೇರೆ ಬ್ಲಾಕುಗಳನ್ನೂ ಎಳೆದು ತರುತ್ತದೆ.

ಸಿಕ್ಕಿದ್ದು ಡ್ರಾಯಿಂಗಿನಲ್ಲಿ ಎಲ್ಲಿದೆ ಎಂದು ತಿಳಿಯಲು ವ್ಯಾಖ್ಯೆಯೊಳಗಿನ ನಿರ್ದೇಶಾಂಕ ಉಪಯೋಗಕ್ಕೆ ಬಾರದು, ಅದು ಬ್ಲಾಕಿನ ಬೇಸ್ ಪಾಯಿಂಟಿಗೆ ಹೋಲಿಸಿದ್ದು. ವ್ಯಾಖ್ಯೆಗಳ ನಡಿಗೆಯಲ್ಲೇ ಇನ್‌ಸರ್ಟ್ ಎದುರಾದಾಗ "ಈ ಬ್ಲಾಕ್ ಆ ಬ್ಲಾಕಿನೊಳಗಿದೆ" ಎಂಬ ಜೋಡಿಯನ್ನು ಒಂದು ಪಟ್ಟಿಗೆ ಹಾಕಿಕೊಳ್ಳಿ. ಆ ಪಟ್ಟಿ ಹಿಡಿದು ಮೇಲೇರಿ, ಹೊರಗಿನ ಇನ್‌ಸರ್ಟನ್ನು ಮುಟ್ಟಿ, ಅದರ ಬೌಂಡಿಂಗ್ ಬಾಕ್ಸಿಗೆ ಜೂಮ್ ಮಾಡಿದರೆ ಸಾಕು.

ಬದಲಿಸುವಾಗ

ಹುಡುಕುವುದು ನಿರಪಾಯ, ಬದಲಿಸುವುದು ಹಾಗಲ್ಲ. ಎರಡನ್ನೂ ಒಂದೇ ಕಮಾಂಡಿನಲ್ಲಿ ಮಾಡುವ ಲಿಸ್ಪ್ ಬೇಡ. ಮೊದಲು ಸಿಎಸ್‌ವಿ ವರದಿ ಬರೆಸಿ: ಫೈಲ್, ಬ್ಲಾಕ್, ಟ್ಯಾಗ್, ಲೇಯರ್, ಪೂರ್ತಿ ಟೆಕ್ಸ್ಟ್, ಜೊತೆಗೆ ಕೋಡ್ 5ರ ಹ್ಯಾಂಡಲ್. ಹ್ಯಾಂಡಲ್ ಇದ್ದರೆ ಮುಂದೆ ಹ್ಯಾಂಡೆಂಟ್ ಮೂಲಕ ಅದೇ ವಸ್ತುವಿಗೆ ಮರಳಬಹುದು. ವರದಿಯನ್ನು ಎಂಜಿನಿಯರ್ ನೋಡಲಿ. ವ್ಯಾಖ್ಯೆಯಲ್ಲಿ ಒಮ್ಮೆ ತಿದ್ದಿದರೆ ಆ ಬ್ಲಾಕ್ ಇರುವ ಎಲ್ಲ ಕಡೆ ಬದಲಾಗುತ್ತದೆ. ಅದೇ ಡೀಟೇಲ್ ಬ್ಲಾಕನ್ನು ಮೆಟ್ಟಿಲಿನ ಸ್ಲ್ಯಾಬಿಗೂ ಬಳಸಿದ್ದು, ಅಲ್ಲಿ 150 ಅಂತರವೇ ಉಳಿಯಬೇಕಿದ್ದರೆ ಡ್ರಾಯಿಂಗ್ ತಪ್ಪಾಗಿ ಸೈಟಿಗೆ ಹೋಗುತ್ತದೆ. ಇದನ್ನು ಯಾವ ಲಿಸ್ಪ್ ಕೂಡ ಊಹಿಸಲಾರದು.

ವಿಎಲ್-ಸ್ಟ್ರಿಂಗ್-ಸಬ್‌ಸ್ಟ್ ಮೊದಲು ಸಿಕ್ಕ ಒಂದನ್ನು ಮಾತ್ರ ಬದಲಿಸುತ್ತದೆ. ಹಾಗೆಂದು ಅದನ್ನು "ಸಿಗುವವರೆಗೆ" ಎಂದು ಲೂಪಿನಲ್ಲಿ ಹಾಕಿದರೆ "ಸಿ1" ಅನ್ನು "ಸಿ12" ಮಾಡುವಾಗ ಹೊಸ ಪದದೊಳಗೆ ಹಳೆಯದೂ ಇರುವುದರಿಂದ ಲೂಪ್ ನಿಲ್ಲುವುದೇ ಇಲ್ಲ. ಪ್ರತಿ ಸಲ ಬದಲಿಸಿದ ಜಾಗದ ಮುಂದಿನಿಂದ ಹುಡುಕಬೇಕು. ಕಾಲಮ್ ಹೆಸರಿಗೆ ಇನ್ನೊಂದು ಎಚ್ಚರ: "ಸಿ1" ಹುಡುಕಿದರೆ "ಸಿ10", "ಸಿ12" ಎಲ್ಲ ಸಿಗುತ್ತವೆ. ಸಿಕ್ಕ ಜಾಗದ ಹಿಂದಿನ ಮತ್ತು ಮುಂದಿನ ಅಕ್ಷರ ನೋಡಿ, ಅಂಕಿ ಅಥವಾ ಅಕ್ಷರ ಇದ್ದರೆ ಬಿಡಿ. ಹೆಸರುಗಳು ಅದಲುಬದಲಾಗಿದ್ದರೆ, ಅಂದರೆ ಸಿ4 ಹೋಗಿ ಸಿ5, ಸಿ5 ಹೋಗಿ ಸಿ4 ಆಗಿದ್ದರೆ, ಮಧ್ಯದಲ್ಲಿ ಒಂದು ತಾತ್ಕಾಲಿಕ ಹೆಸರು ಕೊಡದೆ ಆಗುವುದಿಲ್ಲ.

ಕಾನ್‌ಸ್ಟಂಟ್ ಅಲ್ಲದ ಆಟ್‌ಡೆಫ್ ತಿದ್ದಿದರೆ ಈಗಾಗಲೇ ಇರುವ ಇನ್‌ಸರ್ಟುಗಳ ಬೆಲೆ ಬದಲಾಗದು, ಮುಂದೆ ಹಾಕುವುದಕ್ಕೆ ಮಾತ್ರ ಅನ್ವಯ. ಆಟ್ರಿಬ್‌ಗಳನ್ನು ಒಂದೊಂದಾಗಿ ಎಂಟ್‌ಮಾಡ್ ಮಾಡಿ ಇನ್‌ಸರ್ಟನ್ನು ಎಂಟ್‌ಅಪ್‌ಡ್ ಮಾಡಿ. ವ್ಯಾಖ್ಯೆ ತಿದ್ದಿದ ಮೇಲೆ ರೀಜೆನ್ (ತೆರೆಯ ಚಿತ್ರವನ್ನು ಮತ್ತೆ ರಚಿಸುವುದು) ಆಗುವವರೆಗೆ ತೆರೆಯಲ್ಲಿ ಹಳೆಯದೇ ಕಾಣುತ್ತದೆ, ಕೆಲಸವಾಗಲಿಲ್ಲ ಎಂದು ಮತ್ತೆ ಓಡಿಸಬೇಡಿ. ಫೀಲ್ಡ್ (ತಾನಾಗಿಯೇ ಬದಲಾಗುವ ಬರಹ) ಇರುವ ಟೆಕ್ಸ್ಟಿಗೆ ಹೊಸ ಬರಹ ಹಾಕಿದರೆ ಫೀಲ್ಡ್ ಸತ್ತು ಸಾದಾ ಟೆಕ್ಸ್ಟ್ ಆಗುತ್ತದೆ. ಟೈಟಲ್ ಬ್ಲಾಕಿನಲ್ಲಿ ಇದು ಹೆಚ್ಚು. ವಿಎಲ್‌ಎ ಮೂಲಕ ಬರೆಯುವಾಗ ಲಾಕ್ ಆದ ಲೇಯರ್ ಎರರ್ ಕೊಟ್ಟು ಲಿಸ್ಪನ್ನು ಅರ್ಧದಲ್ಲೇ ನಿಲ್ಲಿಸುತ್ತದೆ, ಆದ್ದರಿಂದ ಬರೆಯುವ ಸಾಲನ್ನು ವಿಎಲ್-ಕ್ಯಾಚ್-ಆಲ್-ಅಪ್ಲೈ ಒಳಗೆ ಇಟ್ಟು, ಆಗದೇ ಉಳಿದದ್ದನ್ನು ವರದಿಗೆ ಸೇರಿಸಿ. ಇಡೀ ಕೆಲಸದ ಸುತ್ತ ಸ್ಟಾರ್ಟ್‌ಅಂಡುಮಾರ್ಕ್, ಎಂಡ್‌ಅಂಡುಮಾರ್ಕ್ ಇರಲಿ, ಒಂದೇ ಅಂಡುವಿನಲ್ಲಿ ಹಿಂದಕ್ಕೆ ಬರಬಹುದು. ಡೈನಾಮಿಕ್ ಬ್ಲಾಕುಗಳನ್ನು ಲಿಸ್ಪಿನಿಂದ ತಿದ್ದುವುದು ನನಗೆ ಒಪ್ಪಿಗೆಯಿಲ್ಲ: ಮೂಲ ವ್ಯಾಖ್ಯೆಯೂ ಹೆಸರಿಲ್ಲದ ಪ್ರತಿಗಳೂ ಬೇರೆಬೇರೆ ಇರುವುದರಿಂದ ಒಂದು ಬದಲಾಗಿ ಒಂದು ಉಳಿಯುತ್ತದೆ. ಅವು ಸಾಮಾನ್ಯವಾಗಿ ನಾಲ್ಕಾರು ಇರುತ್ತವೆ, ಬಿ-ಎಡಿಟ್‌ನಲ್ಲಿ ಕೈಯಿಂದಲೇ ತಿದ್ದಿ.

ನಲವತ್ತು ಫೈಲಿಗೆ ಆಬ್ಜೆಕ್ಟ್‌ಡಿಬಿಎಕ್ಸ್ ಬಳಸಿ ತೆರೆಯದೆಯೇ ಓದಬಹುದು. ಆ ಹೆಸರಿನ ಕೊನೆಯಲ್ಲಿ ಆಟೊಕ್ಯಾಡ್‌ನ ಒಳಸಂಖ್ಯೆ ಬೇಕು: 2021ರಿಂದ 2024ರವರೆಗೆ 24, 2025ಕ್ಕೆ 25. ಅಕ್ಯಾಡ್‌ವರ್ ವೇರಿಯಬಲಿನ ಮೊದಲ ಎರಡು ಅಂಕಿ ತೆಗೆದುಕೊಂಡರೆ ಆವೃತ್ತಿ ಬದಲಾದಾಗ ಲಿಸ್ಪ್ ತಿದ್ದಬೇಕಿಲ್ಲ. ಈ ದಾರಿಯಲ್ಲಿ ಎಸ್‌ಎಸ್‌ಗೆಟ್ ನಡೆಯುವುದಿಲ್ಲ, ಬ್ಲಾಕ್ಸ್ ಕಲೆಕ್ಷನ್ ಮೇಲೆ ವಿಎಲ್‌ಎಕ್ಸ್-ಫಾರ್ ಹಾಕಬೇಕು. ಅದರಲ್ಲಿ ಮಾಡೆಲ್, ಲೇಔಟ್, ವ್ಯಾಖ್ಯೆ ಎಲ್ಲ ಒಟ್ಟಿಗೆ ಬರುತ್ತವೆ. ಈಸ್‌ಲೇಔಟ್, ಈಸ್‌ಎಕ್ಸ್‌ರೆಫ್ ನೋಡಿ ಬೇರ್ಪಡಿಸಿ. ಮೇಲೆ ಹೇಳಿದ ಮೂರು ನಡಿಗೆ ಇಲ್ಲಿ ಒಂದೇ ಲೂಪಿಗೆ ಇಳಿಯುತ್ತದೆ. ಇದೇ ದಾರಿಯಲ್ಲಿ ಸೇವ್ ಮಾಡಿದರೆ ಫೈಲಿನ ಪ್ರಿವ್ಯೂ ಚಿತ್ರ ಹೋಗುತ್ತದೆ, ಅಂಡು ಇರುವುದಿಲ್ಲ. ಹಾಗಾಗಿ ಹುಡುಕಲು ಡಿಬಿಎಕ್ಸ್, ಬದಲಿಸಲು ಡ್ರಾಯಿಂಗ್ ತೆರೆದೇ ಮಾಡುವುದು ಒಳ್ಳೆಯದು. ಮ್ಯಾಕ್ ಆಟೊಕ್ಯಾಡ್‌ನಲ್ಲಿ ವಿಎಲ್‌ಎ ಬಗೆಯ ಫಂಕ್ಷನ್‌ಗಳಿಲ್ಲ, ಅಲ್ಲಿ ಎಂಟ್‌ಗೆಟ್ ದಾರಿಯೊಂದೇ. ಆಟೊಕ್ಯಾಡ್ ಎಲ್‌ಟಿ (ಕಡಿಮೆ ಸೌಲಭ್ಯದ ಆಟೊಕ್ಯಾಡ್) ಇದ್ದರೆ 2024ರ ಆವೃತ್ತಿ ಅಥವಾ ಅದರ ನಂತರದ್ದು ಬೇಕು. ಅದಕ್ಕೂ ಹಿಂದಿನದರಲ್ಲಿ ಲಿಸ್ಪ್ ಓಡುವುದೇ ಇಲ್ಲ.

ಇಷ್ಟು ಮಾಡಿದ ಮೇಲೂ ಕಣ್ಣಿಗೆ ಕಾಣುವ ಟಿಪ್ಪಣಿ ವರದಿಯಲ್ಲಿ ಬರದಿದ್ದರೆ ಅದನ್ನು ಆರಿಸಿ ಲಿಸ್ಟ್ ಕಮಾಂಡ್ ಕೊಟ್ಟು ನೋಡಿ. ಪಾಲಿಲೈನ್ ಎಂದು ಬಂದರೆ ಅದು ಬರಹವೇ ಅಲ್ಲ, ಪಿಡಿಎಫ್‌ನಿಂದ ಇಂಪೋರ್ಟ್ ಆದ ಎಸ್‌ಎಚ್‌ಎಕ್ಸ್ (ಆಟೊಕ್ಯಾಡ್‌ನ ಗೆರೆ ಫಾಂಟ್) ಅಕ್ಷರಗಳ ಗೆರೆ. ಪಿಡಿಎಫ್‌ಎಸ್‌ಎಚ್‌ಎಕ್ಸ್‌ಟೆಕ್ಸ್ಟ್ ಕಮಾಂಡ್ ಅದನ್ನು ಎಮ್‌ಟೆಕ್ಸ್ಟ್ ಮಾಡಿಕೊಡಬಹುದು, ಅಂಕಿಗಳನ್ನು ಒಂದೊಂದಾಗಿ ತಾಳೆ ನೋಡಿ. ಓಎಲ್‌ಇ ಎಂದರೆ ಅಂಟಿಸಿದ ಎಕ್ಸೆಲ್ ಹಾಳೆ, ಅಲ್ಲೇ ಡಬಲ್ ಕ್ಲಿಕ್ ಮಾಡಿ ತಿದ್ದಬೇಕು. ಪ್ರಾಕ್ಸಿ ಎಂದು ಬಂದರೆ ಅದನ್ನು ರಚಿಸಿದ ಸಾಫ್ಟ್‌ವೇರ್ ಇರುವ ಕಂಪ್ಯೂಟರಿನಲ್ಲೇ ತೆರೆದು ತಿದ್ದಿಸಬೇಕು.